ಐಬಿಲ್ಲದ ಬಿಳಿ ಎಮ್ಮೆಯ ವಿಲೇವಾರಿ

ದನದ ಸಂತೆಯಲ್ಲಿ ಕಾರು ಮಾರಬಾರದು ಎಂದು ಈ ದೇಶದ ಯಾವ ಕಾನೂನಿನಲ್ಲೂ ಬರೆದಿಲ್ಲ. ಮಾರಬಹುದು ಎಂದೂ ಬರೆದಿಲ್ಲ. ಹೀಗೆ ಬರೆಯದೆ ಬಿಟ್ಟ ಜಾಗಗಳಲ್ಲಿಯೇ ನಮ್ಮಂಥ ಸಮಿತಿಗಳು ಸಾರ್ವಜನಿಕರ ಸೇವೆ ಮಾಡುತ್ತ ಬಂದಿವೆ.

ನಮ್ಮದು ಮೂರುದಾರಿ ಮಡ್ಡಿ ಜಾನುವಾರು ಸಂತೆ ಸಮಿತಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ರಸ್ತೆಗಳು ಬಂದು ಕೂಡುವ ಮಡ್ಡಿಯ, ಅಂದರೆ ಬರಡು ದಿಬ್ಬದ, ಮೇಲೆ ಪ್ರತಿ ಶನಿವಾರ ಸಂತೆ ನೆರೆಯುತ್ತದೆ. ಈ ಜಾಗ ತಮ್ಮದಲ್ಲ, ಉಳಿದ ಎರಡು ತಾಲೂಕಿಗೆ ಸೇರಿದ್ದೆಂದು ಮೂರೂ ಕಡೆಯವರು ಲಿಖಿತವಾಗಿ ತಿಳಿಸಿರುವುದರಿಂದ ಸಮಿತಿಯು ಪೂರ್ಣ ಸ್ವತಂತ್ರವಾಗಿದೆ. ನಾನು ಅದರ ಗೌರವ ಕಾರ್ಯದರ್ಶಿ. ಪಗಾರ ಇಲ್ಲ. ಗೌರವವೂ ಸಂತೆಯ ದಿನ ಮಾತ್ರ.

ಈ ಪ್ರಕರಣದ ಬಗ್ಗೆ ಕೆಲವರು ಚಹಾದಂಗಡಿಯಲ್ಲಿ ಕೂತು ನಗುತ್ತಿದ್ದಾರೆಂದು ಕೇಳಿದ್ದೇನೆ. ನಗಲಿ. ಆದರೆ ಪೂರ್ತಿ ತಿಳಿದುಕೊಂಡು ನಗಲಿ ಎಂಬ ಒಂದೇ ಉದ್ದೇಶದಿಂದ ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ನಮೂದಿಸುತ್ತಿದ್ದೇನೆ.

ಮಮದಾಪುರದ ಅನ್ನಪೂರ್ಣಾ ಎಂಬುವರು ಖಡಕ್ ರೊಟ್ಟಿಯ ವ್ಯಾಪಾರಸ್ಥರು. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ತಟ್ಟಿಸುತ್ತಾರೆ, ತಾವೇ ಕಾರು ಓಡಿಸಿಕೊಂಡು ಹೋಗಿ ಗೋಕಾಕದ ಅಂಗಡಿಗಳಿಗೆ ಹಾಕಿ ಬರುತ್ತಾರೆ. ಕಾರು ಬಿಳಿ ಬಣ್ಣದ್ದು, ಸಣ್ಣದು, ಹಿಂದಿನ ಬಾಗಿಲು ಮೇಲಕ್ಕೆ ಏಳುವ ಜಾತಿಯದು. ಈಗ ಹುಕ್ಕೇರಿಯ ಖಾನಾವಳಿಗಳವರು ಮುಂದಿನ ತಿಂಗಳಿಂದ ದಿನಾಲೂ ರೊಟ್ಟಿ ಬೇಕೆಂದು ಕೇಳಿದ್ದರು. ಅಷ್ಟು ರೊಟ್ಟಿ ಆ ಕಾರಿನ ಹೊಟ್ಟೆಯಲ್ಲಿ ಹಿಡಿಯುವುದಿಲ್ಲ. ಧುಪದಾಳದ ಹನಮಂತ ಎಂಬಾತನ ಹತ್ತಿರ ಒಂದು ಟೆಂಪೊ ಮಾರಾಟಕ್ಕಿತ್ತು. ಆತ, "ಮುಂದಿನ ವಾರದ ಶನಿವಾರ ಸಂಜೀ ತನಕಾ ನಿಮ್ಮ ಸಲುವಾಗಿ ಹಿಡದ ಇಡತೇನಿ ಅಕ್ಕಾರ. ಆಮ್ಯಾಲ ಗೋಕಾಕದವ್ರಿಗೆ ಕೊಟ್ಟ ಬಿಡಾಂವ," ಎಂದಿದ್ದ. ಅಂದರೆ ಅಷ್ಟರೊಳಗೆ ಕಾರು ಮಾರಬೇಕು, ಟೆಂಪೊ ಕೊಳ್ಳಬೇಕು, ಇಲ್ಲದಿದ್ದರೆ ಹುಕ್ಕೇರಿಯ ರೊಟ್ಟಿ ಬೇರೆಯವರ ಪಾಲು. ಅರ್ಜಿದಾರರ ಸಮಸ್ಯೆ ಇಷ್ಟೇ. ಸಮಿತಿಯ ಸಮಸ್ಯೆ ಇದಕ್ಕಿಂತ ದೊಡ್ಡದಿತ್ತು.

ಕೊಳ್ಳುವವನೂ ತಾನಾಗಿಯೇ ಸಿಕ್ಕಿದ್ದ. ಮೂಡಲಗಿ ಕಡೆಯ ಕುರಿಗಾರ ಮಾಲಿಂಗ. ಕುರಿಗಳ ಹಿಂಡು ಹೊಲದಿಂದ ಹೊಲಕ್ಕೆ ಹೊರಟಾಗ ಆಗಷ್ಟೇ ಹುಟ್ಟಿದ ಮರಿಗಳು ನಡೆಯಲಾರವು. ಮಾಲಿಂಗನ ತಾಯಿ ಸತ್ತೆವ್ವನೂ ಮೊಣಕಾಲು ನೋವಿನಿಂದಾಗಿ ಈಗ ನಡೆಯಲಾರಳು. ಮೊದಲು ಮರಿಗಳನ್ನೂ ಮುದುಕಿಯನ್ನೂ ಹೊರುತ್ತಿದ್ದ ತಟ್ಟು ಕುದುರೆ ಸತ್ತುಹೋಗಿತ್ತು. ಅದರ ಜಾಗಕ್ಕೆ ಕಾರು ತರೋಣವೆಂದು ಅವನು ಮಮದಾಪುರಕ್ಕೆ ಬಂದು, ಎರಡು ಕುರಿಮರಿಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಾಯಿಯನ್ನು ಮುಂದೆ ಕೂರಿಸಿ ಊರ ಸುತ್ತ ಒಂದು ಸುತ್ತು ಹೊಡೆದ. ಮರಿಯೊಂದು ಸೀಟಿನ ಮೇಲೆ ಉಚ್ಚೆ ಹೊಯ್ಯಿತು. ಕಾರು ಮನೆಗೆ ಬಂದ ದಿನದಿಂದ ಅನ್ನಪೂರ್ಣಾ ಅವರು ಸೀಟಿನ ಪ್ಲಾಸ್ಟಿಕ್ ತೆಗೆದಿರಲೇ ಇಲ್ಲ. ಒಂದು ಅರಿವೆಯಿಂದ ಒರೆಸಿದ್ದೇ ತಡ, ಉಚ್ಚೆ ಹೋಯಿತು, ವ್ಯಾಪಾರ ಕುದುರಿತು.

"ಶನಿವಾರ ಸಂತ್ಯಾಗ ತಗೋತೇನ್ರಿ ಅಕ್ಕಾರ," ಎಂದ ಮಾಲಿಂಗ.

"ಸಂತ್ಯಾಗ ಯಾಕಪಾ? ಇಲ್ಲೇ ರೊಕ್ಕಾ ಕೊಡು, ಇಲ್ಲೇ ಕೀಲಿ ತಗೋ."

"ಹಂಗ ಬರಂಗಿಲ್ರಿ. ನಮ್ಮ ಹಟ್ಟ್ಯಾಗ ಹೊರಿ ಹೊರೋದು ಏನ ತಂದ್ರೂ ಸಂತ್ಯಾಗನ ತರೋದು. ಮನಿ ಅಂಗಳದಾಗ ಕೊಂಡಿದ್ದು ನಮಗ ಆಗಿ ಬರಂಗಿಲ್ಲ. ಸಂತಿ ಚೀಟಿ ಇಲ್ಲಂದ್ರ ನಮ್ಮವ್ವ ಹತ್ತಂಗೇ ಇಲ್ಲ."

"ಇದು ಕಾರಪಾ, ಯಪ್ಪಾ."

"ಹೊರಿ ಹೊರತೈತೋ ಇಲ್ಲೋ ಹೇಳ್ರಿ?"

ಹೊರುತ್ತದೆ ಎಂಬುದನ್ನು ಅನ್ನಪೂರ್ಣಾ ಅವರು ಅಲ್ಲಗಳೆಯಲಾಗಲಿಲ್ಲ. ಸಂತೆಗೆ ಹೋಗಿ ಒಂದು ಚೀಟಿ ಹರಿಸಿಕೊಂಡು ಬರುವುದು ಅರ್ಧ ತಾಸಿನ ಕೆಲಸ ಎಂದು ಭಾವಿಸಿ ಶನಿವಾರ ಮುಂಜಾನೆ ಕಾರಿಗೆ ನೀರು ಹಾಕಿ ತೊಳೆದು, ಮೂತಿಗೆ ವಿಭೂತಿ ಹಚ್ಚಿ, ನಮ್ಮ ಸಂತೆಯ ಗೇಟಿಗೆ ತಂದು ನಿಲ್ಲಿಸಿದರು. ಆ ಭಾವನೆ ತಪ್ಪು ಎಂದು ಹೇಳಬೇಕಾದದ್ದು ನನ್ನ ಕರ್ತವ್ಯವಾಗಿತ್ತು.

"ಯಾವ ಜಾನುವಾರು?" ಎಂದು ಕೇಳಿದೆ.

"ಕಣ್ಣ ಕಾಣಂಗಿಲ್ಲೇನ್ರಿ? ಕಾರು."

ನಾನು ನಿಯಮಾವಳಿಯನ್ನು ತೆರೆದು ತೋರಿಸಿದೆ. ಎತ್ತು, ಹೋರಿ, ಆಕಳು, ಎಮ್ಮೆ, ಕೋಣ, ಕುರಿ, ಆಡು. ಇಷ್ಟರಲ್ಲಿ ಒಂದಾಗದ ಹೊರತು ಯಾವುದೂ ನಮ್ಮ ಗೇಟಿನ ಒಳಗೆ ಬರತಕ್ಕದ್ದಲ್ಲ. ಒಳಗೆ ಬರದೆ ಚೀಟಿ ಸಿಗತಕ್ಕದ್ದಲ್ಲ. ಹಿಂದೆ ಎತ್ತಿನ ಗಾಡಿಗಳು ದಟ್ಟೈಸಿ ನಿಂತಿದ್ದರಿಂದ ಕಾರು ಹಿಂದಕ್ಕೂ ಹೋಗುವಂತಿರಲಿಲ್ಲ. ತುರ್ತು ಸಭೆ ಕರೆಯಲಾಯಿತು.

ನಮ್ಮ ಅಧ್ಯಕ್ಷರಾದ ಅಲ್ಲಪ್ಪನವರು ದೂರದೃಷ್ಟಿಯುಳ್ಳವರು. ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, ಬೆನ್ನಿನ ಮೇಲೆ ಕೈಯಾಡಿಸಿ, ಇದು ಎಮ್ಮೆ ಎಂದು ತೀರ್ಪು ಕೊಟ್ಟರು. ಎಲ್ಲ ಜಾನುವಾರುಗಳಿಗಿಂತ ಹಾಲಿನ ಎಮ್ಮೆಯ ಮೇಲಿನ ಸಂತೆ ಕರ ಹೆಚ್ಚೆಂಬುದಕ್ಕೂ ಈ ತೀರ್ಪಿಗೂ ಸಂಬಂಧವಿಲ್ಲ ಎಂದು ಅವರೇ ಸ್ಪಷ್ಟಪಡಿಸಿದರು. ಎಮ್ಮೆ ಬೆಳ್ಳಗೆ ಇರುವುದಿಲ್ಲವಲ್ಲ ಎಂದು ಸದಸ್ಯರೊಬ್ಬರು ಆಕ್ಷೇಪಿಸಿದರು. ನಿಯಮದಲ್ಲಿ ಎಮ್ಮೆಯ ಬಣ್ಣ ಹೇಳಿದೆಯೇ ಎಂದು ಅಧ್ಯಕ್ಷರು ಕೇಳಿದರು. ಹೇಳಿರಲಿಲ್ಲ. ಸದಸ್ಯರು ಆಕ್ಷೇಪಣೆ ಹಿಂತೆಗೆದುಕೊಂಡು ಚಹಾ ತರಿಸುವಂತೆ ಸೂಚಿಸಿದರು.

"ಎಮ್ಮಿ ಅಂದ್ರ ಹಾಲ ಕೊಡಬೇಕಲ್ರಿ!" ಎಂದರು ಅನ್ನಪೂರ್ಣಾ.

"ಅದು ಮುಂದಿನ ಕಾಲಮ್ಮಿನ್ಯಾಗ ಬರತೈತಿ," ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿ, "ದಿನಕ್ಕ ಹನ್ನೆರಡ ಲೀಟರ್ ಅಂತ ಬರಕೊಳ್ರಿ," ಎಂದರು. ಕರವು ಲೀಟರಿನ ಮೇಲೆ ಏರುತ್ತದೆ. ನಾನು ಬರೆದುಕೊಂಡೆ. ಅನ್ನಪೂರ್ಣಾ ಅವರಿಗೆ ಧುಪದಾಳದ ಟೆಂಪೊ ನೆನಪಾಗಿರಬೇಕು, ಕರ ಕಟ್ಟಿದರು.

ಮುಂದೆ ಲಸಿಕೆ. ಕಾಲುಬಾಯಿ ಬೇನೆಯ ಲಸಿಕೆ ಹಾಕಿಸಿ ಕಿವಿಗೆ ಬಿಲ್ಲೆ ಹಾಕದ ಯಾವ ಜಾನುವಾರೂ ಮಾರಾಟಕ್ಕೆ ಅರ್ಹವಲ್ಲ. ಸಂತೆಗೆ ಬಂದಿದ್ದ ಪಶುವೈದ್ಯೆ ಯಶೋಧರಾ ಅವರು ಕಲಿತವರು, ಕಾರನ್ನು ನೋಡಿ ನಕ್ಕೇಬಿಡುತ್ತಾರೆಂದು ನನಗೆ ಅಳುಕಿತ್ತು. ಅವರು ನಗಲಿಲ್ಲ.

"ಈ ತಿಂಗಳದ ನನ್ನ ಗುರಿಗೆ ಒಂದ ಎಮ್ಮಿ ಕಡಿಮಿ ಬಿದ್ದಿತ್ತು ನೋಡ್ರಿ," ಎಂದು ಸೂಜಿ ತೆಗೆದರು.

"ಡಾಕ್ಟ್ರ, ನೀವರೇ ಹೇಳ್ರಿ ಇವರಿಗೆ," ಎಂದು ಅನ್ನಪೂರ್ಣಾ ಅಂಗಲಾಚಿದರು.

"ನಾ ಏನ್ ಹೇಳ್ಲಿ ಅಕ್ಕಾರ? ಮ್ಯಾಲಿನವರು ಎಮ್ಮಿ ಮುಖಾ ನೋಡಂಗಿಲ್ಲ, ಸಂಖ್ಯಾ ನೋಡತಾರ."

ತಗಡಿಗೆ ಸೂಜಿ ಇಳಿಯದ ಕಾರಣ ಲಸಿಕೆಯನ್ನು ಕಾಲ ಕೆಳಗಿನ ಮ್ಯಾಟಿಗೆ ಕೊಡಲಾಯಿತು. ಹಳದಿ ಬಿಲ್ಲೆಯನ್ನು ಬಲಗಡೆಯ ಕನ್ನಡಿಗೆ ದಾರದಿಂದ ಕಟ್ಟಲಾಯಿತು. ಎರಡು ದಿನ ಮೈ ಸ್ವಲ್ಪ ಬಿಸಿಯಾಗಬಹುದು, ಗಾಬರಿಪಡಬೇಡಿ ಎಂದು ವೈದ್ಯೆ ಹೇಳಿದರು. ಎಲ್ಲರಿಗೂ ಅದನ್ನೇ ಹೇಳುವುದು ರೂಢಿ.

ಇಷ್ಟು ಹೊತ್ತಿಗೆ ಮಾಲಿಂಗನೂ ಸತ್ತೆವ್ವನೂ ಬಂದು ಬೇವಿನ ಗಿಡದ ನೆರಳಿನಲ್ಲಿ ಕೂತಿದ್ದರು. ಎಲ್ಲವೂ ಸುಸೂತ್ರವಾಗಿ ನಡೆದಿತ್ತು. ಕೊನೆಯ ವಿಧಿಯೊಂದೇ ಬಾಕಿ, ಅದು ಐಬು ಸಾರುವುದು.

ಹೊರಗಿನವರಿಗಾಗಿ ವಿವರಿಸುತ್ತೇನೆ. ನಮ್ಮ ಸಂತೆಯಲ್ಲಿ ಮಾರುವವರು ತಮ್ಮ ಜಾನುವಾರಿನ ಒಂದು ಐಬನ್ನು, ಅಂದರೆ ಕುಂದನ್ನು, ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳಬೇಕು. ಒದೆಯುತ್ತದೆ, ಹಗ್ಗ ತಿನ್ನುತ್ತದೆ, ಬಲಗಣ್ಣು ಮಂಜು, ಮಳೆ ಬಂದರೆ ಏಳುವುದಿಲ್ಲ, ಏನಾದರೂ ಒಂದು. ಇದು ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಒಳ್ಳೆಯ ಪದ್ಧತಿ. ಐಬು ಹೇಳದವನು ದೊಡ್ಡ ಐಬನ್ನು ಮುಚ್ಚಿಟ್ಟಿದ್ದಾನೆ ಎಂದೇ ಅರ್ಥ.

"ಇದಕ್ಕ ಐಬ ಇಲ್ರಿ," ಎಂದರು ಅನ್ನಪೂರ್ಣಾ.

ಜನ ಗುಸುಗುಸು ಶುರುಮಾಡಿದರು.

"ಒಂದರೆ ಇರತೈತಿ, ನೆನಪ ಮಾಡ್ಕೊಳ್ರಿ," ಎಂದೆ.

"ಇಲ್ಲದ್ದು ಎಲ್ಲಿಂದ ತರ್ಲಿ? ಒಂಬತ್ತ ವರ್ಷ ಮಗಳ್ಹಂಗ ಸಾಕೇನಿ. ಟೈಮಿಗೆ ಎಣ್ಣಿ ಬದಲಿ ಮಾಡಿಸೇನಿ. ಬಿಸಲಾಗ ಒಂದಿನಾ ನಿಲ್ಲಿಸಿಲ್ಲ. ನನ್ನ ಸೀರಿ ಹರದಾವು, ಇದರ ಸೀಟ ಹರದಿಲ್ಲ. ಸುಳ್ಳ ಹೇಳಿ ಮಾರೋ ಹೆಣಮಗಳಲ್ಲ ನಾ."

ಸಮಿತಿಯೇ ತಪಾಸಣೆಗೆ ಇಳಿಯಿತು. ಮೂವತ್ತು ವರ್ಷದಿಂದ ಎತ್ತಿನ ಹಲ್ಲು ಎಣಿಸುತ್ತ ಬಂದ ಸದಸ್ಯರು ಬಾನೆಟ್ ಎತ್ತಿ ಒಳಗೆ ಕೈ ಹಾಕಿ, ಇನ್ನೂ ಬಾಯಿಗೂಡಿಲ್ಲ, ಎಳೆಯದು ಎಂದರು. ಹಾರ್ನು ಒತ್ತಿದರು, ಕೂಗಿತು. ದೀಪ ಹಚ್ಚಿದರು, ಹತ್ತಿತು. ಹೆಚ್ಚುವರಿ ಗಾಲಿಯ ಮೇಲೆ ಕಂಪನಿಯ ಕಾಗದ ಇನ್ನೂ ಅಂಟಿಕೊಂಡಿತ್ತು. ಒಳಗಿನ ಗಡಿಯಾರ ಸರಿಯಾದ ಸಮಯ ತೋರಿಸುತ್ತಿತ್ತು. ಇದನ್ನು ಕಂಡಾಗ ಅಧ್ಯಕ್ಷರ ಮುಖ ಗಂಭೀರವಾಯಿತು, ಏಕೆಂದರೆ ಸಮಿತಿ ಕಚೇರಿಯ ಗಡಿಯಾರ ಹಿಂದಿನ ಚುನಾವಣೆಯಿಂದ ನಿಂತೇ ಇದೆ.

"ಅಕ್ಕಾರ, ನಾ ಒಂದ ಸಣ್ಣ ಒದಿಕಿ ಕೊಡ್ಲೇನ್ರಿ ಬಾಗಲಕ್ಕ?" ಎಂದು ಮಾಲಿಂಗ ಸಹಾಯ ಮಾಡಲು ಬಂದ. "ಹೆಂಗೂ ನಂದ ಆಗೋದೈತಿ."

"ಕಾಲ ಮುಟ್ಟಿಸಿ ನೋಡು, ಕಾಲ ಮುರದ ಕೈಯಾಗ ಕೊಡತೇನಿ!"

ಸಮಿತಿಯ ಮುಂದೆ ಈಗ ಗಹನವಾದ ಪ್ರಶ್ನೆಯೊಂದು ನಿಂತಿತು. ಇಷ್ಟು ಜೋಪಾನವಾಗಿರುವ ವಸ್ತು ಕಳವಿನ ಮಾಲು ಇರಬಹುದೇ? ತಮ್ಮದನ್ನು ಯಾರೂ ಹೀಗೆ ಇಟ್ಟುಕೊಳ್ಳುವುದಿಲ್ಲ ಎಂದು ಅರ್ಧ ಸದಸ್ಯರು ವಾದಿಸಿದರು. ಪರರದ್ದನ್ನು ಯಾರೂ ಹೀಗೆ ಇಟ್ಟುಕೊಳ್ಳುವುದಿಲ್ಲ ಎಂದು ಉಳಿದರ್ಧ. ಎರಡೂ ಕಡೆ ಅನುಭವದ ಮಾತೇ. ಕೊನೆಗೆ ಅಧ್ಯಕ್ಷರು ತಮ್ಮ ಮತ ಚಲಾಯಿಸಿದರು. ಐಬು ಸಿಗುವವರೆಗೆ ಎಮ್ಮೆಯನ್ನು ಕೊಂಡವಾಡಕ್ಕೆ, ಅಂದರೆ ಬೀಡಾಡಿ ದನ ಹಿಡಿದು ಕೂಡಿಹಾಕುವ ನಮ್ಮ ದೊಡ್ಡಿಗೆ, ಸೇರಿಸತಕ್ಕದ್ದು. ಮೇವಿನ ಖರ್ಚು ಮಾಲೀಕರದ್ದು.

ಅನ್ನಪೂರ್ಣಾ ಅವರು ದೊಡ್ಡಿಯ ಬಾಗಿಲಲ್ಲಿ ಅತ್ತರು. ನಾನು ಕಲ್ಲೆದೆಯವನಲ್ಲ, ನನಗೂ ಕೆಟ್ಟದೆನಿಸಿತು. ಆದರೆ ರಸೀದಿಯ ಪುಸ್ತಕ ಕೈಯಲ್ಲಿದ್ದಾಗ ಕಣ್ಣೊರೆಸಲು ಕೈ ಖಾಲಿ ಇರುವುದಿಲ್ಲ.

ಕೊಂಡವಾಡ ಇರುವುದು ಅಧ್ಯಕ್ಷರ ಮನೆಯ ಹಿತ್ತಲಿಗೆ ಹತ್ತಿಕೊಂಡು. ಪ್ರತಿದಿನ ಸಂಜೆ ಕಾರಿನ ಮೂತಿಯ ಮುಂದೆ ಒಂದು ಹೊರೆ ಹಸಿಮೇವು, ಒಂದು ಬುಟ್ಟಿ ಹಿಂಡಿ ಇಡಲಾಗುತ್ತಿತ್ತು. ಬೆಳಗ್ಗೆ ನೋಡಿದರೆ ಕಡ್ಡಿಯೂ ಉಳಿದಿರುತ್ತಿರಲಿಲ್ಲ. "ಚಲೋ ತಿನ್ನಾಕತ್ತೈತ್ರಿ" ಎಂದು ಕಾವಲುಗಾರ ವರದಿ ಮಾಡಿದ. ಹಿತ್ತಲಿನಲ್ಲಿ ಕಟ್ಟಿದ್ದ ಅಧ್ಯಕ್ಷರ ಸ್ವಂತ ಎಮ್ಮೆಯೂ ಆ ವಾರ ಮೈತುಂಬಿಕೊಂಡಿತು. ಹವೆ ಚೆನ್ನಾಗಿತ್ತು.

ಮೇವಿನ ಹಣ ಕಟ್ಟಲು ಅನ್ನಪೂರ್ಣಾ ಅವರು ಮಮದಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲ ದಿನ ಬೈದರು. ಎರಡನೆಯ ದಿನ ಕೈಮುಗಿದರು. ಮೂರನೆಯ ದಿನ ಎರಡನ್ನೂ ಮಾಡದೆ, ರಸೀದಿಯನ್ನು ತಿರುವಿ ಮುರುವಿ ಓದಿ, ದೊಡ್ಡಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ ನಿಯಮಗಳನ್ನು ಬೆರಳಿಟ್ಟು ಓದಿ, ಸುಮ್ಮನೆ ಹೋದರು. ಸಾರ್ವಜನಿಕರು ನಿಯಮ ಓದಿದರೆ ನನಗೆ ಸಂತೋಷವಾಗುತ್ತದೆ. ಆ ದಿನವೂ ಆಯಿತು.

ಮರುದಿನ ಬೆಳಗ್ಗೆ ಅವರು ದೊಡ್ಡದೊಂದು ಹಾಲಿನ ಕ್ಯಾನು ಹಿಡಿದು ಬಂದರು.

"ಕಾರ್ಯದರ್ಶಿ ಸಾಹೇಬ್ರ, ನನ್ನ ಎಮ್ಮಿ ಹಾಲ ಕೊಡ್ರಿ."

"ಯಾವ ಹಾಲು?"

"ನೀವ ಬರಸೀರಲ್ರಿ ಗ್ವಾಡಿ ಮ್ಯಾಲ. ಕೊಂಡವಾಡದಲ್ಲಿರುವ ಹಾಲಿನ ಜಾನುವಾರಿನ ಹಾಲು ಮಾಲೀಕರಿಗೆ ಸೇರತಕ್ಕದ್ದು. ದಿನಕ್ಕ ಹನ್ನೆರಡ ಲೀಟರ್ ಅಂತ ಚೀಟ್ಯಾಗೂ ಬರದೀರಿ. ಹಿಂದಿನ ಮೂರ ದಿನದ್ದು ಬ್ಯಾಡ, ನೀವೂ ಚಾ ಕುಡದಿರತೀರಿ. ಇವತ್ತಿಂದ ಕೊಡ್ರಿ."

ಆ ನಿಯಮ ಬರೆದವನು ನಾನೇ. ಅಕ್ಷರವೂ ನನ್ನದೇ. ನಾನು ಓಡುತ್ತ ಅಧ್ಯಕ್ಷರ ಮನೆಗೆ ಹೋದೆ.

"ಕಾರು ಎಲ್ಲೆರೆ ಹಾಲ ಕೊಡತೈತೇನೋ ಹುಚ್ಚಾ?" ಎಂದು ಅವರು ಗದರಿದರು.

"ಮೇವು ತಿನ್ನತೈತಿ ಅಂತ ರಸೀದಿ ಕೊಟ್ಟೇವಲ್ರಿ. ಮೇವು ತಿಂದು ಹಾಲ ಕೊಟ್ಟಿಲ್ಲ ಅಂದ್ರ ಮೇವು ಯಾರ ತಿಂದ್ರು ಅಂತ ಕೇಳತಾರ್ರಿ."

ಅಧ್ಯಕ್ಷರು ಹಿತ್ತಲಿನ ಕಡೆ ನೋಡಿದರು. ಹಿತ್ತಲಿನ ಎಮ್ಮೆ ಅಧ್ಯಕ್ಷರ ಕಡೆ ನೋಡಿತು. ಅನ್ನಪೂರ್ಣಾ ಅವರ ಕ್ಯಾನು ತುಂಬಿತು. ಅಧ್ಯಕ್ಷರ ಎಮ್ಮೆ ಕೊಟ್ಟದ್ದು ಸಾಲದೆ, ಉಳಿದದ್ದನ್ನು ಡೇರಿಯಿಂದ ಕೊಂಡು ತಂದು ಹಾಕಲಾಯಿತು. ಮರುದಿನ ಮತ್ತೆ ಕ್ಯಾನು ಬಂತು. ಅದರ ಜೊತೆಗೆ, ನಿನ್ನೆಯ ಹಾಲಿನಲ್ಲಿ ನೀರು ಹೆಚ್ಚಾಗಿತ್ತು, ಎಮ್ಮೆಗೆ ಹಿಂಡಿ ಸರಿಯಾಗಿ ಹಾಕುತ್ತಿಲ್ಲವೇನೋ ಎಂಬ ಲಿಖಿತ ದೂರೂ ಬಂತು. ಮಮದಾಪುರದ ರೊಟ್ಟಿಯ ಕಟ್ಟಿನ ಜೊತೆ ಒಂದು ಉಂಡೆ ಬೆಣ್ಣೆ ಪುಕ್ಕಟೆ ಕೊಡುತ್ತಿದ್ದಾರೆಂದು ಗೋಕಾಕದಿಂದ ಬಂದವರು ಹೇಳಿದರು.

ಶುಕ್ರವಾರ ಸಂಜೆ ಅಧ್ಯಕ್ಷರ ಧರ್ಮಪತ್ನಿ ಗೌರವ್ವನವರು ಖುದ್ದಾಗಿ ಕಚೇರಿಗೆ ಬಂದರು.

"ಮನ್ಯಾಗ ಚಾಕ್ಕ ಹನಿ ಹಾಲಿಲ್ಲ. ಅಲ್ಲಿ ಕಾರಿನ ಹೆಸರ ಹೇಳಿ ನನ್ನ ಎಮ್ಮಿ ಹಿಂಡಿ ಊರಿಗೆಲ್ಲಾ ಬೆಣ್ಣಿ ತಿನಿಸಾಕತ್ತೀರಿ. ನಾಳೆ ಆ ಕಾರು ಹೋಗಬೇಕು, ಇಲ್ಲಾ ನೀವು ಆ ದೊಡ್ಡ್ಯಾಗ ಹೋಗಿ ಮಲಗಬೇಕು."

ಇದನ್ನು ಸಾರ್ವಜನಿಕ ಅಹವಾಲು ಎಂದು ಪರಿಗಣಿಸಿ ಅಲ್ಲಿಯೇ ಸಭೆ ಸೇರಿಸಲಾಯಿತು. ಎಮ್ಮೆ ಎಂಬ ತೀರ್ಪನ್ನು ಹಿಂತೆಗೆದುಕೊಳ್ಳುವಂತಿರಲಿಲ್ಲ, ಕರ ವಾಪಸು ಕೊಡಬೇಕಾಗುತ್ತದೆ. ಐಬಿಲ್ಲದೆ ಬಿಡುವಂತಿರಲಿಲ್ಲ, ಪದ್ಧತಿ ಮುರಿಯುತ್ತದೆ. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅಧ್ಯಕ್ಷರು ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡು ಎದ್ದರು. ದೊಡ್ಡವರ ಬುದ್ಧಿ ದೊಡ್ಡದೇ ಎಂದು ನನಗೆ ಆ ಕ್ಷಣ ಅನಿಸಿತು, ಇವತ್ತಿಗೂ ಅನಿಸುತ್ತದೆ. ಶನಿವಾರ ಸಂತೆ ತುಂಬಿದ ಮೇಲೆ ಧ್ವನಿವರ್ಧಕದಲ್ಲಿ ನಾನೇ ಓದಿದೆ:

"ಸಾರ್ವಜನಿಕರ ಗಮನಕ್ಕೆ. ಮಮದಾಪುರದ ಬಿಳಿ ಎಮ್ಮೆಯ ಸಮಗ್ರ ತಪಾಸಣೆ ಪೂರ್ಣಗೊಂಡಿದ್ದು, ಸದರಿ ಎಮ್ಮೆಯು ಹಾಲು ಕೊಡುವುದಿಲ್ಲ ಎಂಬ ಐಬು ಪತ್ತೆಯಾಗಿರುತ್ತದೆ. ಮಾಲೀಕರು ಮುಂದೆ ಬಂದು ಐಬು ಸಾರತಕ್ಕದ್ದು. ಹಾಗೂ ಎತ್ತಿನ ಗಾಡಿಯವರು ದಯವಿಟ್ಟು ದಾರಿ ಬಿಟ್ಟು ನಿಲ್ಲತಕ್ಕದ್ದು."

ಅನ್ನಪೂರ್ಣಾ ಅವರು ಮೈಕಿನ ಮುಂದೆ ಬಂದರು. ಮತ್ತೆ ಹಟ ಹಿಡಿಯುತ್ತಾರೇನೋ ಎಂದುಕೊಂಡೆ. ಅವರು ಸೆರಗು ಸರಿಮಾಡಿಕೊಂಡು, "ಇದು ಖರೆ ಐತ್ರಿ," ಎಂದರು. "ಒಂಬತ್ತ ವರ್ಷದಾಗ ಒಂದ ಹನಿ ಹಾಲ ಕೊಟ್ಟಿಲ್ಲ. ದೇವರಾಣಿ."

ಸಂತೆಯಲ್ಲಿ ಸಮಾಧಾನದ ಉಸಿರು ಹೊರಟಿತು. ಇಷ್ಟು ದಿನ ಮುಚ್ಚಿಟ್ಟಿದ್ದಳು ನೋಡು ಎಂದು ಒಬ್ಬಿಬ್ಬರು ಅಂದರು. ಉಳಿದವರು, ತಡವಾಗಿಯಾದರೂ ಒಪ್ಪಿಕೊಂಡಳಲ್ಲ, ದೊಡ್ಡ ಗುಣ ಎಂದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾಲಿಂಗ ತಲೆ ಕೆರೆಯುತ್ತ ಮುಂದೆ ಬಂದ.

"ಅಕ್ಕಾರ, ಹಾಲ ಕೊಡಂಗಿಲ್ಲಂದ್ರ ಬೆಲಿ ಸ್ವಲ್ಪ ಕಡಿಮಿ ಮಾಡಬೇಕಾಗತೈತ್ರಿ."

"ಏ ಮಾಲಿಂಗಾ, ನೀ ಕುರಿಮರಿ ಹೊರಾಕ ತಗೊಳ್ಳಾಕತ್ತೀಯೋ, ಹಾಲ ಹಿಂಡಾಕೋ?"

"ಅದ ಖರೆ ಬಿಡ್ರಿ. ಆದ್ರ ಮೈಕಿನ್ಯಾಗ ಐಬ ಕೇಳಿದ ಮ್ಯಾಲೂ ಮೊದಲಿನ ಬೆಲೀಗೆ ತಗೊಂಡ್ರ ಮಂದಿ ನನಗ ಹುಚ್ಚ ಅಂತಾರ್ರಿ."

ನ್ಯಾಯವಾದ ಮಾತು. ನಮ್ಮ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವಂತಿಲ್ಲ. ಟವೆಲ್ಲಿನ ಕೆಳಗೆ ಕೈ ಕೈ ಹಿಡಿದು ಬೆರಳಿನ ಮೇಲೆಯೇ ಮುಗಿಸಬೇಕು. ಬೆರಳಿನ ಲೆಕ್ಕ ಬಾರದ ಅನ್ನಪೂರ್ಣಾ ಅವರ ಪರವಾಗಿ ಸತ್ತೆವ್ವನೇ ಟವೆಲ್ಲಿನೊಳಗೆ ಕೈ ಹಾಕಿದಳು. ಹೀಗಾಗಿ ತಾಯಿ ಮಗ ಇಬ್ಬರೇ ಬಹಳ ಹೊತ್ತು ಒಬ್ಬರ ಬೆರಳನ್ನೊಬ್ಬರು ಹಿಂಡಿದರು. ನಡುವೆ ಟವೆಲ್ಲಿನೊಳಗೆ ಮೂರನೆಯದೊಂದು ಕೈ ಕಂಡುಬಂತು. ಅದು ಅಧ್ಯಕ್ಷರದು. ಮಧ್ಯಸ್ಥಿಕೆಯ ಪಾಲನ್ನು ಸೂಚಿಸಲು ಬಂದಿತ್ತು. ಕೊನೆಗೆ ಸತ್ತೆವ್ವ ಮಗನ ಕೈಯನ್ನು ಜಾಡಿಸಿ ಎದ್ದಳು.

"ಆತ ಬಿಡೋ, ಎಷ್ಟ ಚೌಕಾಶಿ ಮಾಡ್ತಿ? ಹಾಲಿಲ್ಲದಿದ್ರ ಇಲ್ಲ, ಒದಿಯಂಗಿಲ್ಲಲಾ. ನನ್ನ ಮೊಣಕಾಲಿಗೆ ಅಷ್ಟ ಸಾಕು."

ಮೊದಲು ಆಡಿದ ಬೆಲೆಗಿಂತ ತುಸು ಕಡಿಮೆಗೆ ವ್ಯವಹಾರ ಮುಗಿಯಿತು. "ಎಮ್ಮೆ, ಬಿಳಿ, ಹಾಲು ಬತ್ತಿದ್ದು, ಸಾಧು" ಎಂದು ಚೀಟಿ ಹರಿದೆ. ಸತ್ತೆವ್ವ ಚೀಟಿಯನ್ನು ಕಣ್ಣಿಗೊತ್ತಿಕೊಂಡು, ಕಾರಿನ ಮೂತಿಗೆ ಅರಿಶಿಣ ಹಚ್ಚಿ, ಹಿಡಿ ಹಿಂಡಿ ಮುಟ್ಟಿಸಿ, ಮುಂದಿನ ಸೀಟಿನಲ್ಲಿ ಕೂತಳು. ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾಯಿಸುವ ಸಣ್ಣ ಕೆಲಸವೊಂದು ಉಳಿದಿತ್ತು, ಅದೂ ಮುಂದಿನ ವಾರ ಸುಸೂತ್ರವಾಗಿ ಆಯಿತಂತೆ.

ಸೂರ್ಯ ಇಳಿಯತೊಡಗಿದ್ದ. ಹನಮಂತ ಹೇಳಿದ್ದ ಗಡುವು ಅದೇ ಸಂಜೆ. ಅನ್ನಪೂರ್ಣಾ ಅವರು ರೊಕ್ಕದ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಹತ್ತಿರ ಬಂದರು. ಬೈಯುತ್ತಾರೆಂದುಕೊಂಡೆ.

"ನೀವೂ ಬರ್ರಿ ಧುಪದಾಳಕ್ಕ," ಎಂದರು. "ಚೀಟಿ ಬುಕ್ಕ ತಗೊಂಡ ಬರ್ರಿ."

ಮಾಲಿಂಗನ ಕಾರಿನಲ್ಲಿಯೇ ಹೋದೆವು. ನನ್ನ ತೊಡೆಯ ಮೇಲೆ ಒಂದು ಕುರಿಮರಿ, ಅನ್ನಪೂರ್ಣಾ ಅವರ ತೊಡೆಯ ಮೇಲೆ ಇನ್ನೊಂದು. ತಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಅವರು ಎಂದೂ ಕೂತಿರಲಿಲ್ಲವಂತೆ. ದಾರಿಯುದ್ದಕ್ಕೂ ಪ್ಲಾಸ್ಟಿಕ್ಕಿನ ಮೇಲೆ ಕೈಯಾಡಿಸುತ್ತ ಇದ್ದರು. ನಮ್ಮನ್ನು ಧುಪದಾಳದಲ್ಲಿ ಇಳಿಸಿ ಕಾರು ಹೊರಟಾಗ ಮುಖ ಆ ಕಡೆ ತಿರುಗಿಸಿ ನಿಂತರು.

ಹನಮಂತ ಮನೆಯ ಮುಂದೆ ಟೆಂಪೊ ತೊಳೆದು, ಚಕ್ರಕ್ಕೆ ಎಣ್ಣೆ ಒರೆಸಿ, ಕೀಲಿ ಕೈಯಲ್ಲಿ ಹಿಡಿದು ಕಾದಿದ್ದ. ಗೋಕಾಕದವರು ಆಗಲೇ ಎರಡು ಸಲ ಫೋನು ಮಾಡಿದ್ದರು.

"ತಗೊಳ್ರಿ ಅಕ್ಕಾರ, ಕೀಲಿ."

ಅನ್ನಪೂರ್ಣಾ ಅವರು ಕೀಲಿ ಮುಟ್ಟಲಿಲ್ಲ. ಟೆಂಪೊದ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಬಾಗಿಲು ತೆರೆದು ಮುಚ್ಚಿದರು. ಬೆನ್ನಿನ ಮೇಲೆ ಕೈಯಾಡಿಸಿದರು.

"ಐಬು ಏನೈತಿ ಹೇಳಪಾ."

"ಐಬ? ಏನೂ ಇಲ್ರಿ. ನಮ್ಮ ಮನ್ಯಾಗಿನ ಹುಡುಗರಕಿಂತ ಚಲೋ ನೋಡಕೊಂಡೇನಿ. ಒಂದ ಗೀರ ಸೈತ ಇಲ್ಲ, ನೋಡ್ರಿ ಬೇಕಾರ."

ಅನ್ನಪೂರ್ಣಾ ಅವರು ಎರಡು ಹೆಜ್ಜೆ ಹಿಂದೆ ಸರಿದರು. ಒಂದು ವಾರ ಬೈದು, ಅತ್ತು, ಕೈಮುಗಿದು, ಕ್ಯಾನು ಹೊತ್ತು ತಿರುಗಿ, ಕಾದು ಕೊಳ್ಳಲು ಬಂದ ಟೆಂಪೊ ಅದು. ಅದನ್ನು ನೋಡುವ ಅವರ ಕಣ್ಣಿನಲ್ಲಿ ನನಗೆ ಸ್ಪಷ್ಟವಾಗಿ ಅನುಮಾನ ಕಂಡಿತು.

"ಐಬಿಲ್ಲದ ಗಾಡಿ ನಾ ಒಯ್ಯಂಗಿಲ್ಲಪಾ."

ಹನಮಂತ ನನ್ನ ಮುಖ ನೋಡಿದ. ನಾನು ಚೀಟಿ ಪುಸ್ತಕ ತೆರೆದು ಐಬಿನ ಕಾಲಮ್ಮಿನ ಮೇಲೆ ಪೆನ್ನು ಇಟ್ಟುಕೊಂಡು ನಿಂತಿದ್ದೆ. ಆತ ಗೋಡೆಯ ಬದಿಯಲ್ಲಿದ್ದ ಒಂದು ಕಲ್ಲು ಎತ್ತಿಕೊಂಡು ಬಂದು ಟೆಂಪೊದ ಬಲಗಡೆಯ ಇಂಡಿಕೇಟರಿಗೆ ಹೊಡೆದ. ಗಾಜು ಪುಡಿಪುಡಿಯಾಗಿ ಕೆಳಗೆ ಬಿತ್ತು.

"ಈಗರೀ?"

"ಈಗ ನಂಬಿಗಿ ಬಂತು ನೋಡು," ಎಂದು ಅನ್ನಪೂರ್ಣಾ ಅವರು ಸೊಂಟದ ಗಂಟು ಬಿಚ್ಚಿದರು.

ನನಗೆ ಕಣ್ಣು ತುಂಬಿ ಬಂತು. ಮೂರುದಾರಿ ಮಡ್ಡಿಯ ಪದ್ಧತಿ ಸಂತೆಯ ಗೇಟನ್ನು ದಾಟಿ ಊರೊಳಗೆ ಕಾಲಿಟ್ಟ ದಿನ ಅದು. ಚೀಟಿ ಹರಿದುಕೊಟ್ಟು, ನಾನೂ ಅವರ ಪಕ್ಕದಲ್ಲಿ ಕೂತು ಹೊರಟೆ. ಬಲಕ್ಕೆ ತಿರುಗುವಲ್ಲೆಲ್ಲ ಅವರು "ಹಾಕ್ರಿ" ಎನ್ನುತ್ತಿದ್ದರು, ನಾನು ಅವರ ಹಿಂದಿನಿಂದ ಕೈ ಚಾಚಿ ಬಲಗಡೆಯ ಕಿಟಕಿಯ ಹೊರಗೆ ತೋರಿಸುತ್ತಿದ್ದೆ.